ಕಲ್ಲಿಗೊಂದು ಬಕೆಟ್ ನೀರು

ವಾಡಿಯ ನಮ್ಮ ಮನೆಯಲ್ಲಿ ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲೆ ಹೊದಿಸಿದ್ದೂ ಕಲ್ಲು. ಶಹಾಬಾದಿನ ಫರಸಿ ಕಲ್ಲು ನಮ್ಮ ಕಡೆ ಬಡವರ ಮನೆಗೂ ಬರುತ್ತದೆ, ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಪಾಟಿಯ ಮೇಲೆ ಬರೆದ ಹಾಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಹುದು, ಅದೊಂದು ಅನುಕೂಲ. ಪಡಸಾಲೆಯಲ್ಲಿ ಕರೆಂಟಿನ ಮೀಟರಿನ ಕೆಳಗೆ ಅಪ್ಪ ಬರೆದ ಅಂಕಿಗಳು ಸಾಲುಸಾಲಾಗಿ ಇವೆ. ಹೊಸಬರು ನೋಡಿ ಹಾಲಿನ ಲೆಕ್ಕವೇ ಎಂದು ಕೇಳುತ್ತಾರೆ. ಅಲ್ಲ, ಅದು ನೀರು ಕಾಯಿಸಿದ ಲೆಕ್ಕ. ಸ್ನಾನದ ನೀರಿಗೆ ಯಾರಾದರೂ ಲೆಕ್ಕ ಇಡುತ್ತಾರೆಯೇ ಎಂದು ಅವರು ಮತ್ತೆ ಕೇಳುತ್ತಾರೆ. ನಾನು ಸಾಮಾನ್ಯವಾಗಿ ಉತ್ತರ ಬಾಕಿ ಇಡುವವಳಲ್ಲ. ಈ ಪ್ರಶ್ನೆಗೆ ಮಾತ್ರ ಅವಸರದಲ್ಲಿ ಉತ್ತರ ಕೊಡಲಾಗುವುದಿಲ್ಲ.

ಅಪ್ಪ ಉಗಿ ಇಂಜಿನ್ನಿನ ಫೈರ್‌ಮನ್ ಆಗಿದ್ದ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ತಾಂಡೂರಿನ ಕಡೆ ಹೋಗುವ ಗಾಡಿಗಳ ಬೆಂಕಿಗೆ ಸಲಿಕೆಯಲ್ಲಿ ಕಲ್ಲಿದ್ದಲಿ ಎತ್ತಿ ಹಾಕುವುದು ಅವನ ಕೆಲಸ. ಮನೆಗೆ ಬರುವಾಗ ಅವನ ಮೈಯಲ್ಲಿ ಬೆಳ್ಳಗೆ ಉಳಿದಿರುತ್ತಿದ್ದದ್ದು ಹಲ್ಲು ಮತ್ತು ಕಣ್ಣಿನ ಬಿಳಿ. ಆ ಮಸಿ ತಣ್ಣೀರಿಗೆ ಜಗ್ಗುವಂಥದಲ್ಲ. ಹಾಗಾಗಿ ಗಾಡಿಯ ಸೀಟಿ ಕೇಳಿದೊಡನೆ ಅವ್ವ ಎದ್ದು ಬಂಬಕ್ಕೆ ಬೆಂಕಿ ಹಾಕುತ್ತಿದ್ದಳು. ಬಂಬ ಎಂದರೆ ತಾಮ್ರದ ದೊಡ್ಡ ಹಂಡೆ. ನಡುವೆ ಕೊಳವೆ, ಕೊಳವೆಯೊಳಗೆ ಬೆಂಕಿ, ಅದರ ಸುತ್ತ ನೀರು. ಮೇಲಿನ ಬಾಯಿಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಕೆಳಗಿನ ಮೂತಿಯಿಂದ ಒಂದು ತಂಬಿಗೆ ಬಿಸಿನೀರು ಬೀಳುತ್ತದೆ. ಅದಕ್ಕೆ ಹಾಕುತ್ತಿದ್ದದ್ದು ಇಂಜಿನ್ ಶೆಡ್ಡಿನ ಬೂದಿಯಲ್ಲಿ ಆರಿಸಿ ತಂದ, ಅರ್ಧ ಸುಟ್ಟ ಇದ್ದಲಿ ಚೂರು. ಒಮ್ಮೆ ಸುಟ್ಟಿದ್ದನ್ನು ಮತ್ತೆ ಸುಡುವಾಗ ಅದು ಶಾಖಕ್ಕಿಂತ ಮೊದಲು ಹೊಗೆ ಕೊಡುತ್ತದೆ. ನಮ್ಮ ಬಚ್ಚಲಿಗೆ ಕಿಟಕಿ ಇರಲಿಲ್ಲ. ಮೇಲಿನ ಒಂದು ಕಲ್ಲನ್ನು ಸ್ವಲ್ಪ ಸರಿಸಿ ಬಿಟ್ಟಿದ್ದ ಸಂದೇ ಕಿಟಕಿ. ನನ್ನ ನೆನಪು ಶುರುವಾಗುವ ಹೊತ್ತಿಗಾಗಲೇ ಅವ್ವ ಆ ಬಂಬದ ಮುಂದೆ ಊದುಗೊಳವೆ ಹಿಡಿದು ಕುಳಿತಿದ್ದಳು.

ಅವ್ವ ಚಿಂಚೋಳಿ ಕಡೆಯವಳು, ಕಾಡಿನ ಒಣ ಕಟ್ಟಿಗೆಯ ಬೆಂಕಿಯಲ್ಲಿ ಬೆಳೆದವಳು. ಇದ್ದಲಿ ಹೊಗೆ ಅವಳಿಗೆ ಲಗ್ನದ ಜೊತೆ ಬಂತು. ಕೆಮ್ಮು ಯಾವಾಗ ಬಂತೋ ಯಾರೂ ಗಮನಿಸಲಿಲ್ಲ. ಅವಳು ಮನೆಯಲ್ಲಿ ಎಲ್ಲಿದ್ದಾಳೆ ಎಂದು ನಮಗೆ ಗೊತ್ತಾಗುತ್ತಿದ್ದದ್ದೇ ಕೆಮ್ಮಿನಿಂದ. ನಾನು ಗುಲ್ಬರ್ಗಾದಲ್ಲಿ ಕಾಲೇಜು ಓದುತ್ತಿದ್ದಾಗ, ನನ್ನನ್ನು ನೋಡಲು ಬಂದ ಅವಳು ಮೆಟ್ಟಿಲು ಹತ್ತಿ ನಿಂತು ಉಸಿರು ಹುಡುಕುವುದನ್ನು ನೋಡಿ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, "ಬೀಡಿ ಸೇದ್ತೀರೇನಮ್ಮ?" ಎಂದರು.

"ಯಪ್ಪಾ, ಬೀಡಿ ಸೇದಿದ್ರ ನಮ್ಮತ್ತಿ ಜೀವಂತ ಇಡ್ತಿದ್ಳೇನ್ರಿ?" ಎಂದಳು ಅವ್ವ.

ಡಾಕ್ಟರು ನಗಲಿಲ್ಲ. ಇನ್ನು ಮೇಲೆ ಹೊಗೆಯ ಹತ್ತಿರ ಕೂರಬಾರದು, ಕೂತರೆ ಎದೆ ಉಳಿಯುವುದಿಲ್ಲ ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಆಗಲೇ ಕೆಟ್ಟದ್ದು ಸರಿಹೋಗುತ್ತದೆಯೇ ಎಂದು ಕೇಳಿದೆ. ಅವರು ಚೀಟಿ ಬರೆಯುವುದರಲ್ಲಿ ತೊಡಗಿದರು. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಿನವರು ಮೌನವಾದರೆ ನನಗೆ ಖುಷಿಯಾಗುತ್ತಿತ್ತು. ಅಂದು ಆಗಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ವಾದ ಹೂಡಿದೆ. ಆ ಹೊತ್ತಿಗೆ ಪಕ್ಕದ ಮನೆಯ ಖಾಲಾ ತಂಬಿಗೆ ಹಿಡಿದು ನಿಂತಿದ್ದಳು. ಚಳಿಗಾಲದಲ್ಲಿ ಅವಳ ಮುದಿ ಅತ್ತೆಗೆ ಬೆಳಗಿನ ನಮಾಜಿಗೆ ಮೊದಲು ಕೈಕಾಲು ತೊಳೆಯಲು ಬಿಸಿನೀರು ನಮ್ಮ ಬಂಬದಿಂದಲೇ ಹೋಗುತ್ತಿತ್ತು.

"ಬಂಬ ತೆಗಿಯೋಣು. ಕರೆಂಟಿನ ರಾಡ್ ತರೋಣು. ಬಕೆಟ್ಟಿನ್ಯಾಗ ಇಟ್ರ ಹೊಗಿ ಇಲ್ಲ, ಊದೂದಿಲ್ಲ," ಎಂದೆ.

"ರಾಡಿನ ನೀರು ಮೈ ಮ್ಯಾಲಿಂದ ಹರದು ಹೋಗ್ತಾವ. ಎಲಬಿನ್ಯಾಗ ಇಳಿಯಂಗಿಲ್ಲ."

"ಅವ್ವಾ, ತಾನು ಯಾವುದರಿಂದ ಕಾದೀನಿ ಅಂತ ನೀರಿಗೇನು ಗೊತ್ತು?"

"ನೀರಿಗೆ ಗೊತ್ತಿಲ್ಲಂತ ನಿಂಗೇನು ಗೊತ್ತು?"

"ಅರೆ ಅಕ್ಕಾ," ಎಂದಳು ಖಾಲಾ, "ಈಕಿ ಜೋಡಿ ಮಾತಿಗೆ ನಿಂದ್ರಬ್ಯಾಡ. ಈಕಿ ಸೂರ್ಯ ಹುಟ್ಟಿದ್ರೂ ಸಾಕ್ಷಿ ಯಾರು ಅಂತ ಕೇಳೋಕಿ."

"ಕೇಳ್ಲಿ ತಗೊ. ಚರ್ಚಾ ಮಾಡಿ ವರ್ಷಕ್ಕೊಂದು ಬೆಳ್ಳಿ ಬಣ್ಣದ ಕಪ್ ಗೆದ್ದು ತರ್ತಾಳ. ಅದ್ರಾಗ ಒಂದು ಹನಿ ನೀರು ಕಾಯ್ತಾವೇನು ಕೇಳು ಈಕಿಗೆ."

ಇಬ್ಬರೂ ನಕ್ಕರು. ನಗು ಅವ್ವನ ಎದೆಯಲ್ಲಿ ಕೆಮ್ಮಾಗಿ ತಿರುಗಿತು. ಅವಳು ಬಾಗಿಲ ಚೌಕಟ್ಟು ಹಿಡಿದು ಬಾಗಿದಳು. ಖಾಲಾ ತಂಬಿಗೆ ಕೆಳಗಿಟ್ಟು ಬೆನ್ನು ತಿಕ್ಕಿದಳು. ಕೆಮ್ಮು ನಿಂತ ಮೇಲೆ ಮಾತಾಡಿದವನು ಅಂಗಳದಲ್ಲಿ ಕುಳಿತಿದ್ದ ಅಪ್ಪ.

"ರಾಡ್ ನಾ ತರ್ತೀನಿ."

ಅವ್ವ ತಿರುಗಿ ನೋಡಿದಳು. "ನೀವ? ಹುಟ್ಟಾ ಬೆಂಕಿ ತಿಂದವ್ರು ನೀವ, ಕರೆಂಟಿನ ಮಾತಾಡ್ಲಿಕತ್ತೀರೇನ್ರಿ?"

ಅಪ್ಪನ ಗಾಡಿಗೆ ಡೀಸೆಲ್ ಇಂಜಿನ್ ಬಂದು ಅವನನ್ನು ನೀರಿನ ಪಂಪು ಕಾಯುವ ಕೆಲಸಕ್ಕೆ ಹಾಕಿ ಕೆಲವು ವರ್ಷವಾಗಿತ್ತು. ಈಗ ಅವನ ಮೈಗೆ ಮಸಿ ಅಂಟುತ್ತಿರಲಿಲ್ಲ. ಆದರೂ ಅವ್ವ ಬಂಬ ಹೊತ್ತಿಸುವುದನ್ನು ಬಿಟ್ಟಿರಲಿಲ್ಲ. ಅಪ್ಪ ಒಂದು ಮಾತನ್ನು ಯಾವಾಗಲೂ ಹೇಳುತ್ತಿದ್ದ: ಇಂಜಿನ್ ಕರಿ ಹೊಗೆ ಬಿಟ್ಟರೆ ನಾಚಿಕೆ ಇಂಜಿನ್ನಿಗಲ್ಲ, ಫೈರ್‌ಮನ್ನಿಗೆ. ತನ್ನ ಮೈ ತೊಳೆಯಲೆಂದು ಕಾದ ನೀರಿನ ಹೊಗೆ ಯಾರ ಎದೆಗೆ ಹೋಯಿತು ಎಂಬುದನ್ನು ಅವನಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಶಹಾಬಾದಿನ ಬಜಾರಿನಿಂದ ರಾಡ್ ಬಂತು. ಜೊತೆಗೆ ಹಸಿರು ಪ್ಲಾಸ್ಟಿಕ್ ಬಕೆಟ್ ಬಂತು, ಲೋಹದ ಬಕೆಟ್ಟಿನಲ್ಲಿ ರಾಡ್ ಇಡಬಾರದೆಂದು ಅಂಗಡಿಯವನು ಹೆದರಿಸಿದ್ದ. ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಒಂದು ಕೋಲು, ಕೋಲಿಗೆ ರಾಡ್ ತೂಗುಹಾಕಿ ಅಪ್ಪ ಸ್ವಿಚ್ ಒತ್ತಿದ. ಏನೂ ಆಗಲಿಲ್ಲ. ಬೆಂಕಿ ಇಲ್ಲ, ಸದ್ದಿಲ್ಲ. ಅವನು ಪಡಸಾಲೆಗೆ ಬಂದು ಮೀಟರನ್ನು ನೋಡಿದ. ದಿನವಿಡೀ ನಿದ್ದೆಗಣ್ಣಲ್ಲಿ ತಿರುಗುತ್ತಿದ್ದ ಅದರ ಚಕ್ರ ಈಗ ಹುಚ್ಚು ಹಿಡಿದಂತೆ ಓಡುತ್ತಿತ್ತು.

"ಇಲ್ಲಿ ಅದ ನೋಡು ಬೆಂಕಿ," ಎಂದ ಅಪ್ಪ.

ಅಂದಿನಿಂದ ಮೀಟರು ಅವನ ಇಂಜಿನ್ ಆಯಿತು. ಕಡಿಮೆ ಇದ್ದಲಿಯಲ್ಲಿ ಗಾಡಿ ಮುಟ್ಟಿಸುವುದೇ ಒಳ್ಳೆಯ ಫೈರ್‌ಮನ್ನಿನ ಗುರುತು. ಆ ಅಭಿಮಾನವನ್ನೆಲ್ಲ ಅವನು ಗೋಡೆಗೆ ತಂದ. ದಿನಾ ಬೆಳಿಗ್ಗೆ ನೀರು ಕಾದ ಮೇಲೆ ಮೀಟರಿನ ಅಂಕಿಯನ್ನು ಕೆಳಗಿನ ಕಲ್ಲಿನ ಮೇಲೆ ಬರೆಯುತ್ತಿದ್ದ. ನಿನ್ನೆಗಿಂತ ಜಾಸ್ತಿ ಓಡಿದ್ದರೆ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ಖಾಲಿ ಕೋಣೆಯಲ್ಲಿ ದೀಪ ಕಂಡರೆ ಬೈಗಳು. ರೇಡಿಯೊದಲ್ಲಿ ವಾರ್ತೆ ಮುಗಿದು ಹವಾಮಾನ ಶುರುವಾದರೆ ಅದರ ಕಿವಿ ಹಿಂಡಿ ಆರಿಸುತ್ತಿದ್ದ. "ಮಳಿ ಬಂದ್ರ ಮಾಳಿಗಿ ಸೋರಿ ಹೇಳ್ತದ, ಅದಕ್ಕ ಕರೆಂಟ್ ಯಾಕ?" ಎನ್ನುವುದು ಅವನ ತರ್ಕ. ಅವ್ವ ಖಾಲಾಳ ಮುಂದೆ ಹೇಳುತ್ತಿದ್ದಳು: "ಇವರು ಇಂಜಿನ್ ಬಿಟ್ರವ್ವ, ಇಂಜಿನ್ ಇವರನ್ನ ಬಿಡ್ಲಿಲ್ಲ."

ಬಂಬ ಹಿತ್ತಲಿಗೆ ಹೋಯಿತು. ದೀಪಾವಳಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ಹೊತ್ತಿಗೆ ಹೊಸ ತಕರಾರು ಎದ್ದಿತು. ಪ್ರತಿ ವರ್ಷ ಆ ಸಂಜೆ ಬಂಬವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿ, ಕೊರಳಿಗೆ ಹಸಿರು ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಿದ್ದೆವು.

"ಪ್ಲಾಸ್ಟಿಕ್ ಬಕೆಟ್ಟಿಗೆ ಹ್ಯಾಂಗ ಕುಂಕುಮ ಹಚ್ಚಲಿ? ನಿಲ್ಲಂಗಿಲ್ಲ ಅದು," ಎಂದಳು ಅವ್ವ.

"ಪೂಜಿ ನೀರಿಗೋ, ಪಾತ್ರಿಗೋ?" ಎಂದೆ.

"ಶುರುವಾತು ನೋಡು."

ಕೊನೆಗೆ ಅವಳು ಬಕೆಟ್ಟಿನ ಹಿಡಿಕೆಗೆ ಬಳ್ಳಿ ಕಟ್ಟಿದಳು. ಅಪ್ಪ ನಗದೆ, ಗಂಭೀರವಾಗಿ, ಮೀಟರಿನ ಡಬ್ಬಿಗೆ ವಿಭೂತಿ ಎಳೆದ. ಆಮೇಲೆ ಅವ್ವ ಹಿತ್ತಲಿಗೆ ಹೋಗಿ ಬಂಬಕ್ಕೂ ಒಂದು ಎಳೆ ಬಳ್ಳಿ ಸುತ್ತಿ ಬಂದದ್ದನ್ನು ನಾವಿಬ್ಬರೂ ನೋಡಿದೆವು.

ಇಷ್ಟಾದ ಮೇಲೆ ಅವ್ವನ ಕೆಮ್ಮು ಇಳಿಯಬೇಕಾಗಿತ್ತು. ಕಾರಣ ತೆಗೆದರೆ ಕಾರ್ಯ ನಿಲ್ಲಬೇಕು, ತರ್ಕಶಾಸ್ತ್ರ ಹಾಗೆ ಹೇಳುತ್ತದೆ. ಎದೆಗೆ ತರ್ಕಶಾಸ್ತ್ರ ಗೊತ್ತಿರಲಿಲ್ಲ. ಚಳಿ ಬಿದ್ದಂತೆ ಕೆಮ್ಮು ಹೆಚ್ಚಾಯಿತು. ಅವಳು ಸ್ನಾನ ಮುಂದೂಡಲು ಶುರುಮಾಡಿದಳು. ದಿನಾ ಮಿಂದು ಅಡುಗೆಮನೆಗೆ ಹೋಗುವವಳು, ಒಂದು ದಿನ ಬಿಟ್ಟು, ಮತ್ತೊಂದು ದಿನ ಬಿಟ್ಟು, "ಥಂಡಿ ಆಗ್ತದ" ಎಂದು ಕೌದಿಯೊಳಗೇ ಉಳಿಯುತ್ತಿದ್ದಳು.

ಮುಂದಿನ ಸೂಟಿಯಲ್ಲಿ ಮನೆಗೆ ಬಂದ ನಾನು ಇದನ್ನು ಪರೀಕ್ಷೆ ಮಾಡಿಯೇ ಮುಗಿಸಬೇಕೆಂದು ಹೊರಟೆ. ಖಾಲಾಳ ಅಂಗಳದ ಒಲೆಯ ಮೇಲೆ ಕಟ್ಟಿಗೆಯಲ್ಲಿ ಒಂದು ಪಾತ್ರೆ ನೀರು, ನಮ್ಮ ರಾಡಿನಲ್ಲಿ ಒಂದು ಬಕೆಟ್ ನೀರು ಕಾಯಿಸಿದೆ. ಎರಡನ್ನೂ ಒಂದೇ ಥರದ ಬೋಗುಣಿಗೆ ಹಾಕಿ, ಎರಡೂ ಒಂದೇ ಬಿಸಿ ಆಗುವವರೆಗೆ ತಣ್ಣೀರು ಬೆರೆಸಿದೆ. ಅವ್ವನ ಕಣ್ಣಿಗೆ ಅವಳ ಸೆರಗನ್ನೇ ಕಟ್ಟಿದೆ.

"ಹೇಳು, ಯಾವುದು ಬೆಂಕೀದು?"

"ಖಾಲಾ, ನೀ ನ್ಯಾಯ ನೋಡು. ಈಕಿ ಮೋಸ ಮಾಡ್ತಾಳ."

"ನಾ ಇಲ್ಲೇ ನಿಂತೀನಿ ಅಕ್ಕಾ. ಅಲ್ಲಾನ ಮ್ಯಾಲ ಆಣಿ, ಮೋಸ ಇಲ್ಲ."

ಅವ್ವ ಒಂದರಲ್ಲಿ ಕೈ ಇಟ್ಟಳು, ಇನ್ನೊಂದರಲ್ಲಿ ಇಟ್ಟಳು. ಮತ್ತೆ ಮೊದಲಿನದರಲ್ಲಿ ಬೆರಳಾಡಿಸಿದಳು. ಮುಖದ ಮೇಲೆ ನೆಮ್ಮದಿ ಬಂತು. "ಇದು. ಇದು ಬೆಂಕೀದು. ನೋಡು, ಹ್ಯಾಂಗ ಒಳಗ ಇಳಿಲಿಕತ್ತಾವ."

ಅದು ರಾಡಿನದು. ಸೆರಗು ಬಿಚ್ಚಿ ತೋರಿಸಿದೆ. ಖಾಲಾ ಕೈ ತಟ್ಟಿ ನಕ್ಕಳು. ಅವ್ವನೂ ನಕ್ಕಳು. ನಗುತ್ತಲೇ ಒದ್ದೆ ಕೈಯನ್ನು ಒರೆಸಿಕೊಂಡು ಸೆರಗು ಹೊದ್ದಳು.

"ನೀ ಗೆದ್ದಿ ಬೇ," ಎಂದಳು. "ಆದ್ರ ನಂಗ ಥಂಡಿ ಹತ್ಲಿಕತ್ತದ."

ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಪೂರ್ತಿಯಾದ ಪ್ರತಿವಾದವನ್ನು ಕೇಳಿಲ್ಲ. ಅವಳು ನನ್ನ ಮಾತನ್ನು ಅಲ್ಲಗಳೆದಿರಲಿಲ್ಲ. ನೀರು ಒಂದೇ ಎಂದು ಒಪ್ಪಿದ್ದಳು. ಚಳಿಯೂ ನಿಜ ಎಂದಿದ್ದಳು. ಎರಡೂ ನಿಜವಾದರೆ ನೋಡುವ ಜಾಗ ಬೇರೆ ಇರಬೇಕು. ಮರುದಿನ ಬೆಳಿಗ್ಗೆ ಅವಳ ಸ್ನಾನದ ಹೊತ್ತಿಗೆ ನಾನೇ ಬಚ್ಚಲಿಗೆ ಹೋಗಿ ಬರಿಗಾಲಲ್ಲಿ ನಿಂತೆ. ಪಕ್ಕದಲ್ಲಿ ಬಕೆಟ್ಟಿನ ನೀರು ಹಬೆಯಾಡುತ್ತಿತ್ತು. ಪಾದದಿಂದ ಏರಿದ ಚಳಿ ಮೊಣಕಾಲಿಗೆ ಮುಟ್ಟಿತು. ಗೋಡೆಗೆ ಕೈ ಇಟ್ಟರೆ ಕೈಯೂ ತಣ್ಣಗಾಯಿತು. ಬಂಬ ಇದ್ದಾಗ ಬೆಂಕಿ ನೀರನ್ನಷ್ಟೇ ಕಾಯಿಸುತ್ತಿರಲಿಲ್ಲ. ಗಂಟೆಗಟ್ಟಲೆ ಉರಿದು ಆ ಕಲ್ಲಿನ ಕೋಣೆಯನ್ನೇ ಕಾಯಿಸುತ್ತಿತ್ತು. ರಾಡ್ ಶಿಸ್ತಿನದು, ನೀರು ಬಿಟ್ಟು ಬೇರೆ ಯಾವುದಕ್ಕೂ ಬಿಸಿ ಕೊಡುವುದಿಲ್ಲ. ಅವ್ವ ಬಿಸಿನೀರು ಹೊಯ್ದುಕೊಳ್ಳುತ್ತ ಹಿಮದಂಥ ಕಲ್ಲಿನ ಮೇಲೆ ಕೂರುತ್ತಿದ್ದಳು. ಆ ಎದೆ ಹೊತ್ತುಕೊಂಡು.

ಆದರೆ ಬಂಬವೇ ಸರಿಯಿತ್ತು ಎಂದು ಇದರಿಂದ ಯಾರಾದರೂ ತೀರ್ಮಾನಿಸಿದರೆ ಒಪ್ಪುವುದಿಲ್ಲ, ಅಂದೂ ಒಪ್ಪಲಿಲ್ಲ. ಹೊಗೆ ಹೋಗಲೇಬೇಕಿತ್ತು. ಬೇಗ ಹೋಗಬೇಕಿತ್ತು, ನಾನು ಹುಟ್ಟುವ ಮೊದಲೇ.

ಅಪ್ಪನಿಗೆ ಹೇಳಿದೆ. ಅವನು ಬಚ್ಚಲಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ನೆಲದ ಮೇಲೆ ಅಂಗೈ ಇಟ್ಟು ನೋಡಿದ. ಇನ್ನೊಂದು ಪ್ಲಾಸ್ಟಿಕ್ ಬಕೆಟ್ ತಂದು ಮರುದಿನದಿಂದ ಅವನೇ ಒಂದು ಪದ್ಧತಿ ಮಾಡಿದ. ಬೆಳಿಗ್ಗೆ ಕರೆಂಟು ಹೋಗುವ ಮುಂಚೆ ಎದ್ದು ಎರಡು ಬಕೆಟ್ ನೀರು ಒಂದಾದ ಮೇಲೊಂದು ಕಾಯಿಸುವುದು. ಮೊದಲನೆಯದನ್ನು ನೆಲಕ್ಕೆ, ಗೋಡೆಯ ಬುಡಕ್ಕೆ ನಿಧಾನವಾಗಿ ಸುರಿದು, ಮೇಲೆ ಗೋಣಿಚೀಲ ಹಾಸಿ ಬಾಗಿಲು ಮುಚ್ಚುವುದು. ಎರಡನೆಯದು ಕಾದ ಮೇಲೆ ಗೋಣಿ ತೆಗೆದು, ಮತ್ತೆ ಒಂದೆರಡು ತಂಬಿಗೆ ಅದೇ ಜಾಗಕ್ಕೆ ಹೊಯ್ದು, ಅಂಗೈ ಇಟ್ಟು ನೋಡಿ ಕರೆಯುವುದು:

"ಬಾ, ಕಲ್ಲು ಬೆಚ್ಚಗಾಗ್ಯದ."

ಅವ್ವ ಮೊದಲ ದಿನ ಬಾಗಿಲಲ್ಲೇ ನಿಂತಳು. "ಕಲ್ಲಿಗೆ ಎರೀಲಿಕತ್ತೀರೇನ್ರಿ? ಮಂದಿ ನಗ್ತಾರ."

"ನಗ್ಲಿ. ನೀ ಕುಂದ್ರು."

ಅವಳು ಒಳಗೆ ಹೋಗಿ ಕುಳಿತಳು. ಹೊರಗೆ ನಿಂತ ನಮಗೆ ತಂಬಿಗೆಯ ಸದ್ದು, ನೀರಿನ ಸದ್ದು, ನಡುವೆ ಅವಳ ಗುನುಗು ಕೇಳಿಸಿತು. ಕೆಮ್ಮು ಕೇಳಿಸಲಿಲ್ಲ. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ನಿಂತು ನನ್ನ ಮುಖ ನೋಡಿದ. ತನ್ನ ಗಾಡಿ ಸರಿಯಾದ ಹೊತ್ತಿಗೆ ಸೇಡಂ ಮುಟ್ಟಿದ ಹಾಗಿತ್ತು ಅವನ ಮುಖ.

ಗೋಡೆಯ ಅಂಕಿಗಳು ಜಿಗಿಯತೊಡಗಿದವು. ರೇಡಿಯೊ ಹವಾಮಾನಕ್ಕೂ ಜಗಳವಾಡಿದವನು ಈಗ ದಿನಕ್ಕೆರಡು ಬಕೆಟ್ಟಿನ ಕರೆಂಟನ್ನು ಕಣ್ಣು ಮಿಟುಕಿಸದೆ ಬರೆಯುತ್ತಿದ್ದ. "ಅಪ್ಪಾ, ನಿಮ್ಮ ಇಂಜಿನ್ ಭಾಳ ತಿನ್ಲಿಕತ್ತದಲ್ಲ," ಎಂದು ಕೆಣಕಿದೆ.

"ಏರು ಬಂದಾಗ ತಿಂತದ," ಎಂದ. "ಏರಿನಾಗ ಇದ್ದಲಿ ಉಳಿಸೋನು ಫೈರ್‌ಮನ್ ಅಲ್ಲ, ಹೇಡಿ."

ಆ ಚಳಿಗಾಲ ಅವ್ವ ದಿನಾ ಮಿಂದಳು. ಎರಡನೆಯ ಬಕೆಟ್ಟಿನಿಂದ ಒಂದು ತಂಬಿಗೆ ತೆಗೆದು ಖಾಲಾಳ ಅತ್ತೆಗೆ ಕಳಿಸುವುದನ್ನೂ ಮತ್ತೆ ಶುರುಮಾಡಿದಳು. ಮೀಟರಿನ ಯಜಮಾನ ಅದನ್ನು ನೋಡಿಯೂ ನೋಡದ ಹಾಗಿದ್ದ. ಉಸಿರು ಮಾತ್ರ ತಿರುಗಿ ಬರಲಿಲ್ಲ. ಗುಲ್ಬರ್ಗಾದ ಡಾಕ್ಟರು ಅಂದು ಹೇಳದೆ ಬಿಟ್ಟ ಉತ್ತರ ದಿನದಿನಕ್ಕೆ ಸ್ಪಷ್ಟವಾಗುತ್ತ ಬಂತು. ಮೊದಲು ನೀರಿನ ಕೊಡ ಬಿಟ್ಟಳು, ಆಮೇಲೆ ರೊಟ್ಟಿ ಬಡಿಯುವುದು, ಆಮೇಲೆ ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸುವುದು. ನನ್ನ ಜೊತೆ ವಾದ ಮಾಡುವುದನ್ನೂ ಬಿಟ್ಟಳು. ನಾನು ಬೇಕೆಂದೇ ತಪ್ಪು ಮಾತಾಡುತ್ತಿದ್ದೆ, ತಿದ್ದಲಿ ಎಂದು. ಅವಳು ಕೈಯೆತ್ತಿ, ಇರಲಿ ಬಿಡು ಎನ್ನುವ ಹಾಗೆ ಆಡಿಸುತ್ತಿದ್ದಳು. ಬಚ್ಚಲಿಗೆ ನಡೆಯುವುದು ಮಾತ್ರ ಕೊನೆಯವರೆಗೂ ಇತ್ತು, ಅಪ್ಪನ ತೋಳು ಹಿಡಿದು, ನಡುವೆ ನಿಂತು, ಮತ್ತೆ ನಡೆದು. ಎಳ್ಳು ಹಂಚುವ ಹಬ್ಬ ಇನ್ನೇನು ಬಂತು ಎನ್ನುವಾಗ ಅವಳು ಹೋದಳು. ಹಗಲು ಹೊತ್ತು, ಕುಳಿತಲ್ಲೇ, ಖಾಲಾ ಬೆನ್ನು ತಿಕ್ಕುತ್ತಿದ್ದಾಗ.

ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕಾಲೇಜಿಗೆ ತಿರುಗಿ ಹೋದೆ. ಮುಂದಿನ ಸಲ ಮನೆಗೆ ಬಂದಾಗ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಚೀಲ ಇಳಿಸುವ ಮೊದಲು ಕಣ್ಣು ಗೋಡೆಗೆ ಹೋಯಿತು. ಅಪ್ಪ ಅಂಕಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಒಂದೊಂದು ಅಂಕಿಯಿಂದ ಮುಂದಿನದಕ್ಕೆ ಇರುವ ಅಂತರ ನೋಡುತ್ತ ಬಂದೆ. ಅವ್ವ ಹೋದ ದಿನಗಳಲ್ಲಿ ನಿಂತು, ಆಮೇಲೆ ಮತ್ತೆ ಮೊದಲಿನ ಹಾಗೆಯೇ ಓಡಿದ್ದವು. ಒಬ್ಬ ಮನುಷ್ಯನ ಮನೆ ಅದು. ಅಪ್ಪ ಇಂಜಿನ್ ಬಿಟ್ಟ ಮೇಲೆ ಪಂಪಿನ ಹತ್ತಿರವೇ ತಣ್ಣೀರಲ್ಲಿ ಮಿಂದು ಬರುತ್ತಿದ್ದ. ರೇಡಿಯೊದ ಮೇಲೆ ಧೂಳು ಕೂತಿತ್ತು.

"ಅಪ್ಪಾ, ಮೀಟರ್ ಕೆಟ್ಟದ. ಸುಮ್ಮನ ಓಡ್ಲಿಕತ್ತದ," ಎಂದೆ.

"ಕೆಟ್ಟಿಲ್ಲ."

ನಾನು ಯಾರ ಮಾತನ್ನೂ ಹಾಗೆ ನಂಬುವವಳಲ್ಲ. ಮನೆಯ ದೀಪ ಎಲ್ಲ ಆರಿಸಿ ಮೀಟರಿನ ಮುಂದೆ ನಿಂತೆ. ಚಕ್ರ ಕದಲಲಿಲ್ಲ. ಮೀಟರು ಸರಿಯಿತ್ತು. ಹಾಗಾದರೆ ಕರೆಂಟು ಹೋಗುತ್ತಿರುವುದೆಲ್ಲಿಗೆ? ಅಪ್ಪ ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತು ರೊಟ್ಟಿ ಬೇಯಿಸುತ್ತ ನನ್ನನ್ನು ನೋಡುತ್ತಿದ್ದ.

ಬೆಳಕು ಹರಿಯುವ ಹೊತ್ತಿಗೆ ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ಬಚ್ಚಲ ಬಾಗಿಲು ತೆರೆದಿತ್ತು. ಅಪ್ಪ ಬಗ್ಗಿ, ಹಸಿರು ಬಕೆಟ್ಟಿನಿಂದ ತಂಬಿಗೆ ತಂಬಿಗೆಯಾಗಿ ನೆಲಕ್ಕೆ, ಗೋಡೆಯ ಬುಡಕ್ಕೆ ಹೊಯ್ಯುತ್ತಿದ್ದ. ಕಲ್ಲಿನಿಂದ ಹಬೆ ಏಳುತ್ತಿತ್ತು. ಎರಡನೆಯ ಬಕೆಟ್ ಪಕ್ಕದಲ್ಲಿ ಕಾದು ನಿಂತಿತ್ತು, ಅದರ ಪಕ್ಕಕ್ಕೊಂದು ತಂಬಿಗೆ ಬೋರಲು ಹಾಕಿತ್ತು. ಅವನು ಅಂಗೈಯನ್ನು ನೆಲಕ್ಕಿಟ್ಟು ನೋಡಿದ. ಕರೆಯಲು ಬಾಯಿ ತೆರೆಯಲಿಲ್ಲ. ತಿರುಗಿದಾಗ ಅವನಿಗೆ ನಾನು ಕಂಡೆ.

ನನ್ನ ಹತ್ತಿರ ವಾದಗಳಿದ್ದವು. ಹೋದವರಿಗೆ ಚಳಿಯಿಲ್ಲ. ಕಲ್ಲಿಗೆ ಬಿಸಿ ಗೊತ್ತಾಗುವುದಿಲ್ಲ. ಒಂದೊಂದೂ ಸರಿಯಾದದ್ದು, ಒಂದನ್ನೂ ಯಾವ ವೇದಿಕೆಯಲ್ಲೂ ಸೋಲಿಸಲಾಗದು.

"ಖಾಲಾನ ಅತ್ತಿಗೆ ಒಂದು ತಂಬಿಗಿ ಬೇಕಾಗ್ತದಲ್ಲ," ಎಂದ ಅಪ್ಪ. ಒಂದು ತಂಬಿಗೆ ನೀರಿಗೆ ಎರಡು ಬಕೆಟ್ ಯಾಕೆ ಎಂದು ನಾನು ಕೇಳಲಿಲ್ಲ. ಅವನು ಗೋಡೆ ಹಿಡಿದು ಎದ್ದ.

"ಕೈ ಒದ್ದಿ ಅದ," ಎಂದ. "ಇವತ್ತಿಂದು ನೀ ಬರಿ, ತಾಯಿ."

ಪಡಸಾಲೆಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡೆ. ಮೀಟರಿನ ಅಂಕಿ ನೋಡಿ ಅವನ ಸಾಲಿನ ಕೆಳಗೆ ಬರೆದೆ. ಆಮೇಲೆ ತಂಬಿಗೆ ತುಂಬಿಕೊಂಡು, ನೀರು ಆರುವ ಮುಂಚೆ, ಖಾಲಾಳ ಮನೆಗೆ ಹೋದೆ.